ಅಧಿಕಾರವಿಚಾರ: ಆರ್ಯ ಮಹಿಳಾ ಸಮಾಜವೂ ಶಾರದಾ ಸದನವೂ

೧. ವಿಷಯಪ್ರವೇಶ

'ಅಧಿಕಾರ'ವೆಂಬ ಶಬ್ದವು ಕನ್ನಡದಲ್ಲಿ ಈಗ ಆಳುವ ಬಲವೆಂಬ ಅರ್ಥದಲ್ಲಿಯೇ ಹೆಚ್ಚಾಗಿ ರೂಢವಾಗಿದೆ. ಒಬ್ಬರಿಗೆ ನ್ಯಾಯವಾಗಿ ಸಲ್ಲತಕ್ಕುದನ್ನು ಹೇಳಬೇಕಾದರೆ 'ಹಕ್ಕು' ಎಂಬ ಅರಬ್ಬೀ ಮೂಲದ ಮಾತನ್ನು ಉಪಯೋಗಿಸುವುದು ವಾಡಿಕೆ. ಶಾಸ್ತ್ರಗ್ರಂಥಗಳ ಪರಿಭಾಷೆಯು ಇದಕ್ಕಿಂತ ಬೇರೆ. ಅಲ್ಲಿ ಅಧಿಕಾರವೆಂದರೆ ಒಂದು ಕರ್ಮವನ್ನು ಮಾಡುವುದಕ್ಕೂ ಅದರ ಫಲಕ್ಕೆ ತಾನೇ ಒಡೆಯನಾಗುವುದಕ್ಕೂ ಬೇಕಾದ ಯೋಗ್ಯತೆ. ಬಲವಿದ್ದ ಮಾತ್ರಕ್ಕೆ ಅಧಿಕಾರವುಂಟಾಗದು, ಅಧಿಕಾರವಿದ್ದವನಿಗೆ ಬಲವಿಲ್ಲದಿರಬಹುದು. ಈ ಅರ್ಥದಲ್ಲಿ ಸ್ತ್ರೀಯರಿಗೆ ಅಧಿಕಾರವುಂಟೇ ಇಲ್ಲವೇ ಎಂಬ ಪ್ರಶ್ನೆಯು ಭರತಖಂಡದ ಶಾಸ್ತ್ರಸಭೆಗಳಲ್ಲಿ ಎರಡು ಸಾವಿರ ವರ್ಷಗಳಿಂದಲೂ ಚರ್ಚಿತವಾದುದು.

೧೮೮೨ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಆರ್ಯ ಮಹಿಳಾ ಸಮಾಜವು ಸ್ತ್ರೀಯರ ವಿದ್ಯೆಗಾಗಿಯೂ ಬಾಲ್ಯವಿವಾಹವೇ ಮೊದಲಾದ ಬಾಧೆಗಳ ನಿವಾರಣೆಗಾಗಿಯೂ ಸ್ತ್ರೀಯೊಬ್ಬಳ ನೇತೃತ್ವದಲ್ಲಿಯೇ ಏರ್ಪಟ್ಟ ಸಂಸ್ಥೆಗಳಲ್ಲಿ ಅತ್ಯಂತ ಮೊದಲಿನವುಗಳಲ್ಲಿ ಒಂದು. ಅದರ ಸ್ಥಾಪಕರಾದ ಪಂಡಿತಾ ರಮಾಬಾಯಿಯವರು ೧೮೮೯ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಈ ಎರಡು ಸಂಸ್ಥೆಗಳನ್ನೂ ಇಂಗ್ಲಿಷ್ ವಿದ್ಯೆಯ ಫಲವೆಂದು ಎಣಿಸುವವರುಂಟು. ಕ್ರೈಸ್ತ ಪ್ರಚಾರದ ಒಂದು ಅಂಗವೆಂದು ತಳ್ಳಿಹಾಕಿದವರೂ ಉಂಟು. ಮೊದಲನೆಯ ಎಣಿಕೆಯಲ್ಲಿ ಅವುಗಳ ಮೂಲವು ಮರೆಯಾಗುತ್ತದೆ; ಎರಡನೆಯದರಲ್ಲಿ ಫಲವು ಮರೆಯಾಗುತ್ತದೆ. ಮೂಲವನ್ನು ಶೋಧಿಸಿದರೆ ಅದು ಕರ್ಣಾಟಕದ ಪಶ್ಚಿಮಘಟ್ಟಗಳಲ್ಲಿಯೂ ಉಡುಪಿಯ ಒಂದು ವಿದ್ವತ್ಸಭೆಯಲ್ಲಿಯೂ ದೊರೆಯುತ್ತದೆ. ಫಲವನ್ನು ಶೋಧಿಸಿದರೆ, ಶಾಸ್ತ್ರವು ಪತಿಯೊಡನೆ ಮಾತ್ರ ಕೊಟ್ಟಿದ್ದ ಅಧಿಕಾರವನ್ನು ಪತಿಯಿಲ್ಲದವಳಿಗೂ ಪ್ರತ್ಯೇಕವಾಗಿ ದೊರಕಿಸುವ ಪ್ರಯತ್ನವು ಅಲ್ಲಿ ಕಂಡುಬರುತ್ತದೆ. ಇದೇ ಪ್ರಕೃತ ಲೇಖನದ ಪ್ರತಿಪಾದ್ಯ.

೨. ಶಾಸ್ತ್ರದಲ್ಲಿ ಸ್ತ್ರೀಯ ಅಧಿಕಾರ

ಪೂರ್ವಮೀಮಾಂಸೆಯ ಆರನೆಯ ಅಧ್ಯಾಯಕ್ಕೆ ಅಧಿಕಾರಾಧ್ಯಾಯವೆಂದೇ ಹೆಸರು. ಅದರ ಮೊದಲನೆಯ ಪಾದದಲ್ಲಿ ಜೈಮಿನಿಯು ಈ ಪ್ರಶ್ನೆಯನ್ನು ಎತ್ತಿಕೊಂಡಿರುವನು. ಸ್ವರ್ಗವನ್ನು ಬಯಸುವವನು ಯಜ್ಞವನ್ನು ಮಾಡಬೇಕೆಂಬ ವಿಧಿಯಲ್ಲಿ ಕರ್ತೃಪದವು ಪುಂಲಿಂಗದಲ್ಲಿದೆ. ಆದುದರಿಂದ ಪುರುಷನಿಗೇ ಅಧಿಕಾರವೆಂಬುದು ಐತಿಶಾಯನನ ಪಕ್ಷ. ಅಲ್ಲಿ ಲಿಂಗವು ವಿವಕ್ಷಿತವಲ್ಲ, ಬಯಕೆಯುಳ್ಳವರೆಂಬ ಸಾಮಾನ್ಯವೇ ವಿವಕ್ಷಿತ, ಆದುದರಿಂದ ಸ್ತ್ರೀಗೂ ಅಧಿಕಾರವುಂಟೆಂಬುದು ಬಾದರಾಯಣನ ಪಕ್ಷ. ಎರಡನೆಯದೇ ಸಿದ್ಧಾಂತವಾಗಿ ನಿಂತಿತು.

ಅನಂತರ ಪೂರ್ವಪಕ್ಷಿಯು ಇನ್ನೊಂದು ಆಕ್ಷೇಪವನ್ನು ತರುವನು. ಯಜ್ಞಕ್ಕೆ ದ್ರವ್ಯ ಬೇಕು. ಸ್ತ್ರೀಯು ಕ್ರಯವಿಕ್ರಯಗಳಿಗೆ ಒಳಪಟ್ಟವಳು. ತಾನೇ ದ್ರವ್ಯದಂತಿರುವವಳಿಗೆ ದ್ರವ್ಯವೆಲ್ಲಿಯದು ಎಂಬುದು ಅದರ ಸಾರ. ವಿವಾಹದಲ್ಲಿ ಕೊಡುವುದು ಬೆಲೆಯಲ್ಲ, ಕೇವಲ ಧರ್ಮಾರ್ಥವಾದ ದಾನ. ಸ್ತ್ರೀಗೆ ಸ್ವತ್ತುಂಟೆಂಬುದಕ್ಕೆ ವೇದದಲ್ಲಿಯೇ ಗಮಕಗಳಿವೆ ಎಂದು ಸಿದ್ಧಾಂತಿಯು ಉತ್ತರ ಕೊಡುವನು. ಸ್ತ್ರೀಯು ವಸ್ತುವಲ್ಲ, ಸ್ವಾಮಿನಿಯೆಂಬ ನಿರ್ಣಯವು ಹೀಗೆ ಕರ್ಮಕಾಂಡದ ಶಾಸ್ತ್ರದಲ್ಲಿಯೇ ಏರ್ಪಟ್ಟಿರುವುದು ಗಮನಾರ್ಹ.

ಆದರೆ ಈ ಔದಾರ್ಯಕ್ಕೆ ಎರಡು ಕಟ್ಟುಗಳುಂಟು. ದಂಪತಿಗಳಿಗೆ ಸಹಾಧಿಕಾರವೇ ಹೊರತು ಸ್ತ್ರೀಗೆ ಪ್ರತ್ಯೇಕವಾಗಿ ಯಜ್ಞಾಧಿಕಾರವಿಲ್ಲವೆಂಬುದು ಮೊದಲನೆಯದು. ಕರ್ಮದೊಳಗೆ ಪತ್ನಿಗೆ ವಿಧಿಸಿದಷ್ಟೇ ಕಾರ್ಯ, ಏಕೆಂದರೆ ಅವಳು ಯಜಮಾನನಿಗೆ ತುಲ್ಯಳಲ್ಲ, ಎಂಬುದು ಎರಡನೆಯದು. ಈ ಅತುಲ್ಯತೆಯನ್ನು ವಿವರಿಸುತ್ತಾ ಭಾಷ್ಯಕಾರನಾದ ಶಬರಸ್ವಾಮಿಯು, ಯಜಮಾನನು ಪುರುಷ, ವಿದ್ವಾಂಸನೂ ಹೌದು. ಪತ್ನಿಯು ಸ್ತ್ರೀ, ವಿದ್ಯೆಯಿಲ್ಲದವಳೂ ಹೌದು ಎಂಬ ತಾತ್ಪರ್ಯದಿಂದ ಎರಡು ಕಾರಣಗಳನ್ನು ಜೋಡಿಸಿ ಹೇಳುವನು. ಮೊದಲನೆಯ ಕಾರಣವು ಹುಟ್ಟಿನಿಂದ ಬಂದುದು. ಎರಡನೆಯದು ಕಲಿಸದೆ ಇದ್ದುದರಿಂದ ಬಂದುದು. ಉಪನಯನವಿಲ್ಲದುದರಿಂದ ಅಧ್ಯಯನವಿಲ್ಲವೆಂದು ಸಂಪ್ರದಾಯದವರು ಹೇಳುವುದು ನಿಜ. ಆದರೂ ಹಾರೀತನು ಬ್ರಹ್ಮವಾದಿನಿಯರು, ಸದ್ಯೋವಧುಗಳು ಎಂದು ಸ್ತ್ರೀಯರನ್ನು ಎರಡು ಬಗೆಯಾಗಿ ವಿಂಗಡಿಸಿ, ಮೊದಲನೆಯವರಿಗೆ ಉಪನಯನವನ್ನೂ ವೇದಾಧ್ಯಯನವನ್ನೂ ಹೇಳಿರುವನು. ಪೂರ್ವಕಾಲದಲ್ಲಿ ಕನ್ಯೆಯರಿಗೆ ಮೌಂಜೀಬಂಧನವಿತ್ತೆಂಬ ಯಮವಚನವೂ ಉಂಟು. ವಿಜಯನಗರದ ಕಾಲದ ಮಾಧವಾಚಾರ್ಯರ ಪರಾಶರಮಾಧವೀಯದಲ್ಲಿ ಈ ವಚನಗಳನ್ನು ಎತ್ತಿಕೊಂಡು, ಅದು ಕಲ್ಪಾಂತರದ ಮಾತೆಂದು ವ್ಯವಸ್ಥೆ ಮಾಡಲಾಗಿದೆ. ವಚನವನ್ನು ಅಲ್ಲಗಳೆಯಲಿಲ್ಲ, ಕಾಲದಿಂದ ದೂರವಿಟ್ಟರು.

ಉಡುಪಿಯ ಪರಂಪರೆಯ ಮೂಲಪುರುಷರಾದ ಶ್ರೀಮಧ್ವಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿಯೇ ಅಧಿಕಾರಿಗಳ ತಾರತಮ್ಯವನ್ನು ಹೇಳುವಾಗ, ಉತ್ತಮಸ್ತ್ರೀಯರಿಗೆ ವೈದಿಕದಲ್ಲಿಯೂ ಅಧಿಕಾರವುಂಟೆಂಬ ಪ್ರಮಾಣವಚನವನ್ನು ಉದಾಹರಿಸಿರುವರು. ಇತರ ಸ್ತ್ರೀಯರಿಗೆ ತಂತ್ರಜ್ಞಾನದಲ್ಲಿ ಅಧಿಕಾರವನ್ನು ಹೇಳಿರುವರು. ಉತ್ತಮರೆಂದರೆ ದೇವಸ್ತ್ರೀಯರೇ ಮೊದಲಾದವರೆಂದು ವ್ಯಾಖ್ಯಾನವಾದರೂ, ಸ್ತ್ರೀತ್ವವೊಂದೇ ಪ್ರತಿಬಂಧಕವಲ್ಲವೆಂಬ ಅಂಶವು ಇಲ್ಲಿ ಉಳಿಯುತ್ತದೆ. ಹೀಗೆ ಶಾಸ್ತ್ರವು ಏಕಮುಖವಾಗಿ ಅನುಕೂಲವೂ ಅಲ್ಲ, ಏಕಮುಖವಾಗಿ ಪ್ರತಿಕೂಲವೂ ಅಲ್ಲ. ಅದು ವಾದಕ್ಕೆ ತೆರೆದಿದ್ದ ಕ್ಷೇತ್ರ.

೩. ಅನಂತಶಾಸ್ತ್ರಿಗಳೂ ಉಡುಪಿಯ ಸಭೆಯೂ

ಈ ವಾದವನ್ನು ಗ್ರಂಥದಿಂದ ಗೃಹಕ್ಕೆ ತಂದವರು ಕೆನರಾ ಪ್ರಾಂತದ ಕಾರ್ಕಳದ ಬಳಿಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರು. ಇವರು ಚಿತ್ಪಾವನ ಬ್ರಾಹ್ಮಣರು. ಪುಣೆಯಲ್ಲಿ ವ್ಯಾಸಂಗ ಮಾಡುತ್ತಿದ್ದಾಗ, ತಮ್ಮ ಗುರುಗಳಾದ ರಾಮಚಂದ್ರಶಾಸ್ತ್ರಿಗಳು ಪೇಶ್ವೆಯ ಪತ್ನಿಗೆ ಸಂಸ್ಕೃತವನ್ನು ಕಲಿಸುತ್ತಿದ್ದುದನ್ನು ಕಂಡರು. ಸ್ತ್ರೀಯ ನಾಲಗೆಯಲ್ಲಿ ಸಂಸ್ಕೃತಶ್ಲೋಕವು ಶುದ್ಧವಾಗಿ ನಿಲ್ಲುವುದೆಂಬುದು ಅವರಿಗೆ ಅಂದು ಪ್ರತ್ಯಕ್ಷವಾಯಿತು. ಊರಿಗೆ ಬಂದು ತಮ್ಮ ಪತ್ನಿಗೆ ಕಲಿಸಲು ಯತ್ನಿಸಿದರು. ಆಕೆಗೂ ಮನಸ್ಸಿರಲಿಲ್ಲ, ಮನೆಯವರೂ ಒಪ್ಪಲಿಲ್ಲ. ಆಕೆಯು ತೀರಿಕೊಂಡ ಮೇಲೆ ತೀರ್ಥಯಾತ್ರೆಯಲ್ಲಿ ಲಕ್ಷ್ಮೀಬಾಯಿಯೆಂಬ ಒಂಬತ್ತು ವರ್ಷದ ಕನ್ಯೆಯನ್ನು ವಿವಾಹವಾಗಿ ಬಂದು, ಆಕೆಗೆ ಸಂಸ್ಕೃತಪಾಠವನ್ನು ಆರಂಭಿಸಿದರು.

ಊರಿನ ಪಂಡಿತರು ಇದನ್ನು ಸಹಿಸಲಿಲ್ಲ. ಶಾಸ್ತ್ರಿಗಳು ಉಡುಪಿಯಲ್ಲಿ ಧರ್ಮಗುರುಗಳ ಮುಂದೆ, ನೆರೆದ ವಿದ್ವಾಂಸರ ಸಭೆಯಲ್ಲಿ ತಮ್ಮ ನಡತೆಗೆ ಸಮಾಧಾನ ಹೇಳಬೇಕಾಯಿತು. ಅವರು ಕ್ಷಮೆಯನ್ನು ಬೇಡಲಿಲ್ಲ. ಕಾಲವು ಬದಲಾಯಿತೆಂದು ಹೇಳಲಿಲ್ಲ. ಶಾಸ್ತ್ರವಚನಗಳನ್ನು ಮುಂದಿಟ್ಟು ವಾದಿಸಿದರು. ಸ್ತ್ರೀಯರಿಗೆ ವೇದವನ್ನು ಬಿಟ್ಟು ಇತಿಹಾಸಪುರಾಣಾದಿಗಳನ್ನೂ ಅವುಗಳಿಗೆ ಬೇಕಾದ ಸಂಸ್ಕೃತವನ್ನೂ ಕಲಿಸುವುದು ನಿಷಿದ್ಧವಲ್ಲವೆಂಬುದು ಅವರು ನಿಂತ ನೆಲೆ. ಸಭೆಯು ಅವರನ್ನು ಬಹಿಷ್ಕರಿಸಲಿಲ್ಲ.

ಈ ಘಟನೆಯಲ್ಲಿ ಎರಡು ಅಂಶಗಳನ್ನು ವಿವೇಚಿಸತಕ್ಕದ್ದು. ಮೊದಲನೆಯದಾಗಿ, ಸ್ತ್ರೀವಿದ್ಯೆಯ ವಿಷಯದಲ್ಲಿ ಆಗಿನ ಸಂಪ್ರದಾಯಸ್ಥರ ಸಭೆಯೊಂದು ಪ್ರಮಾಣಕ್ಕೆ ಕಿವಿಗೊಟ್ಟಿತು, ಕೇಳದೆಯೇ ದಂಡಿಸಲಿಲ್ಲ. ಎರಡನೆಯದಾಗಿ, ದೊರೆತ ಜಯಕ್ಕೆ ಎಲ್ಲೆಯಿತ್ತು. ವೇದವು ಹೊರಗೆ ಉಳಿಯಿತು. ಕಲಿಯುವವಳ ಮಾತನ್ನು ಸಭೆಯಲ್ಲಿ ಯಾರೂ ಕೇಳಲಿಲ್ಲ. ಅಲ್ಲಿ ನಿರ್ಣಯವಾದುದು ಕಲಿಸುವ ಪತಿಯ ಅಧಿಕಾರವೇ ಹೊರತು ಕಲಿಯುವ ಪತ್ನಿಯ ಅಧಿಕಾರವಲ್ಲ.

ಸಭೆಯು ಬಿಟ್ಟರೂ ನೆರೆಹೊರೆಯು ಬಿಡಲಿಲ್ಲ. ಶಾಸ್ತ್ರಿಗಳು ಪತ್ನೀಸಮೇತರಾಗಿ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆಮಾಡಿದರು. ಅಲ್ಲಿ ಶಿಷ್ಯರಿಗೂ ಪಾಠ, ಪತ್ನಿಗೂ ಪಾಠ. ಆ ಕಾಡಿನಲ್ಲಿಯೇ ೧೮೫೮ರ ಏಪ್ರಿಲ್ ೨೩ರಂದು ರಮಾಬಾಯಿಯವರು ಜನಿಸಿದರು. ಅತಿಥಿಸತ್ಕಾರದಿಂದಲೂ ಸಾಲದಿಂದಲೂ ಆಸ್ತಿಯೆಲ್ಲ ಕರಗಿ, ಮಗುವಿಗೆ ಕೆಲವು ತಿಂಗಳಾಗುವಷ್ಟರಲ್ಲಿ ಕುಟುಂಬವು ಪುರಾಣ ಹೇಳಿಕೊಂಡು ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯತೊಡಗಿತು. ತಂದೆಗೆ ವಯಸ್ಸಾಗಿದ್ದುದರಿಂದ ಮಗಳಿಗೆ ಪಾಠ ಹೇಳಿದವರು ತಾಯಿಯೇ. ಉಡುಪಿಯ ಸಭೆಯಲ್ಲಿ ಪ್ರಶ್ನೆಗೆ ವಿಷಯವಾಗಿದ್ದ ಆ ಸ್ತ್ರೀಯೇ ಗುರುವಾಗಿ, ಭಾಗವತವನ್ನು ಮಗಳಿಗೆ ಕಂಠಸ್ಥ ಮಾಡಿಸಿದಳು. ವಿದ್ಯೆಯು ಪಿತೃಪರಂಪರೆಯನ್ನು ಬಿಟ್ಟು ಮಾತೃಪರಂಪರೆಯಲ್ಲಿ ಇಳಿದುಬಂದುದು ಈ ಚರಿತ್ರೆಯ ತಿರುವು.

೪. ಕಲ್ಕತ್ತೆಯಿಂದ ಪುಣೆಗೆ

೧೮೭೦ರ ದಶಕದ ಕ್ಷಾಮದ ದಿನಗಳಲ್ಲಿ ತಂದೆ, ತಾಯಿ, ಅಕ್ಕ ಒಬ್ಬರಾದ ಮೇಲೊಬ್ಬರು ಗತಿಸಿದರು. ಅಣ್ಣನಾದ ಶ್ರೀನಿವಾಸನೊಡನೆ ಕಾಲ್ನಡೆಯಾಗಿ ದೇಶವನ್ನು ಸುತ್ತಿ, ೧೮೭೮ರಲ್ಲಿ ರಮಾಬಾಯಿಯವರು ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಪರೀಕ್ಷಿಸಿ 'ಪಂಡಿತಾ', 'ಸರಸ್ವತೀ' ಎಂಬ ಬಿರುದುಗಳಿಂದ ಮನ್ನಿಸಿದರು. ಇಪ್ಪತ್ತು ವರ್ಷದ ಅವಿವಾಹಿತೆಗೆ ಸಭೆಯು ಪಾಂಡಿತ್ಯದ ಬಿರುದನ್ನು ಕೊಟ್ಟುದು ಸಾಮಾನ್ಯಸಂಗತಿಯಲ್ಲ. ತಂದೆಯು ಉತ್ತರ ಹೇಳಬೇಕಾಗಿದ್ದ ಸಭೆಯಂತಹದರಲ್ಲಿ ಮಗಳು ಪ್ರಶಸ್ತಿಯನ್ನು ಪಡೆದಳು.

ಅಂತಃಪುರದ ಸ್ತ್ರೀಯರಿಗೆ ಶಾಸ್ತ್ರೋಕ್ತವಾದ ಧರ್ಮವನ್ನು ಉಪದೇಶಿಸಬೇಕೆಂದು ಕೆಲವರು ಕೇಳಿಕೊಂಡುದರಿಂದ ರಮಾಬಾಯಿಯವರು ಧರ್ಮಶಾಸ್ತ್ರವನ್ನು ಮೊದಲ ಬಾರಿಗೆ ಕ್ರಮವಾಗಿ ಓದತೊಡಗಿದರು. ಅನೇಕ ವಿಷಯಗಳಲ್ಲಿ ಪರಸ್ಪರ ಭಿನ್ನವಾಗಿರುವ ಆ ಗ್ರಂಥಗಳು ಎರಡು ವಿಷಯಗಳಲ್ಲಿ ಮಾತ್ರ ಒಮ್ಮತವಾಗಿರುವಂತೆ ಅವರಿಗೆ ತೋರಿತು. ಸ್ತ್ರೀಸ್ವಭಾವವು ನಿಂದ್ಯವೆಂಬುದು ಒಂದು. ಪತಿಸೇವೆಯ ಮೂಲಕವಲ್ಲದೆ ಅವಳಿಗೆ ಪುರುಷನಂತೆ ಸದ್ಗತಿಯಿಲ್ಲವೆಂಬುದು ಇನ್ನೊಂದು. ಕೇಶವಚಂದ್ರ ಸೇನರು ವೇದಗ್ರಂಥವನ್ನು ಕೈಗಿತ್ತು ಓದೆಂದು ಪ್ರೇರಿಸಿದ ಮೇಲೆ, ತಂದೆಯು ಹೊರಗಿಟ್ಟಿದ್ದ ವೇದವನ್ನೂ ಓದಿದರು. ಉಡುಪಿಯಲ್ಲಿ ಒಪ್ಪಿಕೊಂಡಿದ್ದ ಎಲ್ಲೆಯು ಹೀಗೆ ಕಲ್ಕತ್ತೆಯಲ್ಲಿ ದಾಟಿತು.

೧೮೮೦ರಲ್ಲಿ ಅಣ್ಣನು ಮೃತನಾದ ಬಳಿಕ ಬಿಪಿನ ಬಿಹಾರೀ ದಾಸರೆಂಬ ವಂಗದೇಶದ ವಕೀಲರನ್ನು ರಮಾಬಾಯಿಯವರು ವಿವಾಹವಾದರು. ಜಾತಿಯೂ ಪ್ರಾಂತವೂ ಬೇರೆಯಾಗಿದ್ದುದರಿಂದ ೧೮೭೨ರ ಕಾಯಿದೆಯ ಮೇರೆಗೆ ನೋಂದಣಿಯ ವಿವಾಹವಾಯಿತು. ಎರಡು ವರ್ಷ ತುಂಬುವುದರೊಳಗೆ ಪತಿಯು ವಿಷೂಚಿಯಿಂದ ತೀರಿಕೊಂಡರು. ಇಪ್ಪತ್ತಮೂರು ವರ್ಷದ ವಿಧವೆಯಾಗಿ, ಮನೋರಮೆಯೆಂಬ ಶಿಶುವನ್ನು ಎತ್ತಿಕೊಂಡು ೧೮೮೨ರಲ್ಲಿ ಅವರು ಪುಣೆಗೆ ಬಂದರು.

೫. ಆರ್ಯ ಮಹಿಳಾ ಸಮಾಜ

ಪುಣೆಯಲ್ಲಿ ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಾಂಡಾರಕರ್ ಮೊದಲಾದ ಸುಧಾರಕರ ಬೆಂಬಲವು ರಮಾಬಾಯಿಯವರಿಗೆ ದೊರೆಯಿತು. ಅದೇ ವರ್ಷದಲ್ಲಿ ಆರ್ಯ ಮಹಿಳಾ ಸಮಾಜವು ಹುಟ್ಟಿತು; ಪ್ರಾಂತದ ಬೇರೆ ಊರುಗಳಲ್ಲಿಯೂ ಅದರ ಶಾಖೆಗಳಾದವು. ಬಾಲ್ಯವಿವಾಹವನ್ನು ನಿಲ್ಲಿಸುವುದು, ಸ್ತ್ರೀಯರಿಗೆ ವಿದ್ಯೆಯನ್ನು ಕಲಿಸುವುದು, ಅನಾಥೆಯರಿಗೂ ವಿಧವೆಯರಿಗೂ ಆಶ್ರಯ ಕೊಡುವುದು, ಇವು ಅದರ ಮುಖ್ಯೋದ್ದೇಶಗಳು. ಉದ್ದೇಶಗಳಿಗಿಂತಲೂ ರೀತಿಯು ಹೊಸದು. ಸ್ತ್ರೀಯರ ಪರವಾಗಿ ಪುರುಷರು ಸಭೆ ಸೇರುವುದು ಆಗ್ಗೆ ಇತ್ತು. ಸ್ತ್ರೀಯರೇ ಸೇರಿ ಸ್ತ್ರೀಯ ಉಪನ್ಯಾಸವನ್ನು ಕೇಳುವುದು ಅಪರೂಪವಾಗಿತ್ತು. ಆ ಸಭೆಗೆ ಹೋಗುತ್ತಿದ್ದ ಕಾರಣಕ್ಕಾಗಿ ಮನೆಯ ಹಿರಿಯ ಹೆಂಗಸರಿಂದ ತಾವು ಕೇಳಬೇಕಾದ ನಿಷ್ಠುರದ ಮಾತುಗಳನ್ನು ರಾನಡೆಯವರ ಪತ್ನಿಯಾದ ರಮಾಬಾಯಿ ರಾನಡೆಯವರು ೧೯೧೦ರಲ್ಲಿ ಪ್ರಕಟವಾದ ತಮ್ಮ ಮರಾಠೀ ಸ್ಮೃತಿಗ್ರಂಥದಲ್ಲಿ ಬಣ್ಣಿಸಿರುವರು. ವಿರೋಧವು ಮಠದಿಂದಲೂ ಪತ್ರಿಕೆಯಿಂದಲೂ ಮಾತ್ರ ಬರಲಿಲ್ಲ, ಅಡಿಗೆಮನೆಯಿಂದಲೂ ಬಂದಿತೆಂಬುದಕ್ಕೆ ಇದು ಸಾಕ್ಷಿ.

ಅದೇ ೧೮೮೨ರಲ್ಲಿ ರಮಾಬಾಯಿಯವರ 'ಸ್ತ್ರೀಧರ್ಮನೀತಿ' ಎಂಬ ಮರಾಠೀ ಗ್ರಂಥವು ಹೊರಬಿದ್ದಿತು. ಸಂಸ್ಕೃತಭೂಯಿಷ್ಠವಾದ ಅದರ ಶೈಲಿಯೂ ಪತಿವ್ರತಾಧರ್ಮಕ್ಕೆ ಕೊಟ್ಟಿರುವ ಗೌರವವೂ ಪಂಡಿತಪುತ್ರಿಗೆ ಒಪ್ಪುವಂತಹವು. ಅಲ್ಲಿ ಸ್ತ್ರೀಯರ ದುಃಸ್ಥಿತಿಗೆ ಅವರ ಅಜ್ಞಾನವನ್ನೇ ಹೆಚ್ಚಾಗಿ ಹೊಣೆ ಮಾಡಿದೆ. ಇದೇ ಸಂವತ್ಸರದಲ್ಲಿ ತಾರಾಬಾಯಿ ಶಿಂದೆಯವರ 'ಸ್ತ್ರೀಪುರುಷತುಲನಾ' ಎಂಬ ಗ್ರಂಥವೂ ಮರಾಠಿಯಲ್ಲಿ ಪ್ರಕಟವಾಯಿತು. ಅದರ ಸ್ವರವು ಎಷ್ಟೋ ಕಟುವಾದುದು. ಒಂದು ಗ್ರಂಥವು ಸ್ತ್ರೀಯನ್ನು ಎಚ್ಚರಿಸಿತು, ಇನ್ನೊಂದು ಪುರುಷನನ್ನು ಪ್ರಶ್ನಿಸಿತು.

ಲಾರ್ಡ್ ರಿಪ್ಪನ್ನರ ಕಾಲದ ಹಂಟರ್ ವಿದ್ಯಾ ಆಯೋಗವು ಪುಣೆಗೆ ಬಂದಾಗ ರಮಾಬಾಯಿಯವರು ಮರಾಠಿಯಲ್ಲಿ ಸಾಕ್ಷ್ಯವನ್ನು ಕೊಟ್ಟರು. ಹಂಟರ್ ಸಾಹೇಬರು ಅದನ್ನು ಇಂಗ್ಲಿಷಿಗೆ ಭಾಷಾಂತರಿಸಿ ಬೇರೆಯಾಗಿ ಅಚ್ಚು ಮಾಡಿಸಿದರು. ಈ ದೇಶದ ವಿದ್ಯಾವಂತ ಪುರುಷರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಸ್ತ್ರೀವಿದ್ಯೆಗೆ ವಿರೋಧಿಗಳೆಂದು ಅಲ್ಲಿ ಅವರು ಹೇಳಿದರು. ಅವರ ಬೇಡಿಕೆಗಳು ಸ್ಪಷ್ಟವಾಗಿದ್ದುವು: ಹೆಣ್ಣುಮಕ್ಕಳಿಗೆ ಸ್ತ್ರೀಯರೇ ಉಪಾಧ್ಯಾಯರಾಗಬೇಕು, ಸ್ತ್ರೀಯರೇ ಶಾಲಾ ತನಿಖೆಯನ್ನು ಮಾಡಬೇಕು, ಪುರುಷವೈದ್ಯರಿಗೆ ತೋರಿಸಿಕೊಳ್ಳಲು ಲಜ್ಜೆಯಿಂದ ಹಿಂಜರಿದು ಸಾಯುವ ಸ್ತ್ರೀಯರಿಗಾಗಿ ಸ್ತ್ರೀವೈದ್ಯರು ಸಿದ್ಧರಾಗಬೇಕು. ೧೮೮೫ರಲ್ಲಿ ಡಫರಿನ್ ಪ್ರಭುಗಳ ಪತ್ನಿಯ ಹೆಸರಿನಲ್ಲಿ ಸ್ತ್ರೀಚಿಕಿತ್ಸೆಗಾಗಿ ನಿಧಿಯು ಸ್ಥಾಪಿತವಾಯಿತು.

ಈ ಬೇಡಿಕೆಗಳನ್ನು ಅಧಿಕಾರದ ಪರಿಭಾಷೆಯಲ್ಲಿ ಪರೀಕ್ಷಿಸಿದರೆ ಹೊಸ ಹೆಜ್ಜೆಯು ಕಾಣುತ್ತದೆ. ಉಡುಪಿಯಲ್ಲಿ ಪ್ರಶ್ನೆಯು ಕಲಿಯುವುದಕ್ಕೆ ಅಧಿಕಾರವುಂಟೇ ಎಂಬುದಾಗಿತ್ತು. ಪುಣೆಯಲ್ಲಿ ಅದು ಕಲಿಸುವುದಕ್ಕೂ ಪರೀಕ್ಷಿಸುವುದಕ್ಕೂ ಚಿಕಿತ್ಸೆ ಮಾಡುವುದಕ್ಕೂ, ಇವುಗಳಿಂದ ಸ್ವತಂತ್ರವಾಗಿ ಜೀವಿಸುವುದಕ್ಕೂ ಅಧಿಕಾರವುಂಟೇ ಎಂಬುದಾಯಿತು.

೬. ವಿಧವೆಯ ಪ್ರಶ್ನೆ: ಶಾರದಾ ಸದನ

ಮೀಮಾಂಸೆಯು ಸಹಾಧಿಕಾರವನ್ನು ಮಾತ್ರ ಕೊಟ್ಟಿತೆಂಬುದನ್ನು ಮೇಲೆ ಹೇಳಿದೆ. ಪತಿಯು ಗತಿಸಿದ ಕೂಡಲೇ ಆ ಅಧಿಕಾರವು ನೆಲೆಯಿಲ್ಲದುದಾಗುವುದು. ಎಂಟು ಹತ್ತು ವರ್ಷಕ್ಕೆ ವಿಧವೆಯಾದ ಬಾಲಿಕೆಗೆ ಪತಿಯೊಡನೆ ಕರ್ಮವೂ ಇಲ್ಲ, ತಾನಾಗಿ ವಿದ್ಯೆಯೂ ಇಲ್ಲ; ಕೇಶವಪನ, ಒಪ್ಪೊತ್ತಿನ ಊಟ, ಮನೆಗೆಲಸ, ಅಮಂಗಲೆಯೆಂಬ ಹೆಸರು, ಇಷ್ಟು ಉಳಿಯುವುವು. ಆದುದರಿಂದ ವಿಧವೆಯೇ ಈ ಪ್ರಶ್ನೆಯ ನಿಕಷ. ಅವಳಿಗೆ ಅಧಿಕಾರವನ್ನು ಒಪ್ಪಿದರೆ ಅದು ಸ್ತ್ರೀತ್ವಕ್ಕೆ ಒಪ್ಪಿದಂತೆ; ಪತ್ನಿಗೆ ಮಾತ್ರ ಒಪ್ಪಿದರೆ ಅದು ಪತಿಗೆ ಒಪ್ಪಿದಂತೆ.

೧೮೮೩ರಲ್ಲಿ ವೈದ್ಯವಿದ್ಯೆಯನ್ನು ಕಲಿಯಬೇಕೆಂದು ರಮಾಬಾಯಿಯವರು ಇಂಗ್ಲೆಂಡಿಗೆ ಹೋದರು. ಕಿವಿಯ ಮಾಂದ್ಯದಿಂದ ಆ ಉದ್ದೇಶವು ಕೈಗೂಡಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಾಂಟೇಜಿನಲ್ಲಿ ಕ್ರೈಸ್ತದೀಕ್ಷೆಯನ್ನು ಪಡೆದರು. ಮುಂದೆ ಚೆಲ್ಟನ್‌ಹ್ಯಾಮಿನ ಸ್ತ್ರೀವಿದ್ಯಾಲಯದಲ್ಲಿದ್ದು, ೧೮೮೬ರಲ್ಲಿ ತಮ್ಮ ಬಂಧುವಾದ ಆನಂದೀಬಾಯಿ ಜೋಶಿಯವರು ವೈದ್ಯಪದವಿಯನ್ನು ಸ್ವೀಕರಿಸುವ ಸಮಾರಂಭಕ್ಕಾಗಿ ಅಮೆರಿಕದ ಫಿಲಡೆಲ್ಫಿಯಕ್ಕೆ ಹೋದರು. ಅಲ್ಲಿ ೧೮೮೭ರಲ್ಲಿ ಉಚ್ಚವರ್ಣದ ಹಿಂದೂ ಸ್ತ್ರೀಯನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು. ಗ್ರಂಥವು ತಾಯಿಯಾದ ಲಕ್ಷ್ಮೀಬಾಯಿಯವರ ಸ್ಮರಣೆಗೆ ಅರ್ಪಿತವಾಗಿದೆ. ಸ್ವಾವಲಂಬನ, ವಿದ್ಯೆ, ಸ್ವದೇಶದ ಸ್ತ್ರೀಯರೇ ಉಪಾಧ್ಯಾಯರಾಗುವುದು ಎಂಬ ಮೂರು ಆವಶ್ಯಕತೆಗಳನ್ನು ಅದರ ಕೊನೆಯಲ್ಲಿ ಎಣಿಸಿದೆ.

ಅದೇ ವರ್ಷದ ಡಿಸೆಂಬರಿನಲ್ಲಿ ಬಾಸ್ಟನ್ ನಗರದಲ್ಲಿ 'ರಮಾಬಾಯಿ ಅಸೋಸಿಯೇಷನ್' ಎಂಬ ಧರ್ಮಸಂಸ್ಥೆಯು ಏರ್ಪಟ್ಟು, ವಿಧವೆಯರ ಶಾಲೆಯೊಂದಕ್ಕೆ ಹತ್ತು ವರ್ಷಗಳವರೆಗೆ ಧನಸಹಾಯ ಮಾಡುವುದಾಗಿ ವಾಗ್ದಾನ ಮಾಡಿತು. ಶಾಲೆಯಲ್ಲಿ ಯಾವ ಮತವನ್ನೂ ಬೋಧಿಸತಕ್ಕದ್ದಲ್ಲವೆಂಬ ನಿಯಮವು ಆಗಲೇ ಗೊತ್ತಾಯಿತು. ೧೮೮೯ರ ಮಾರ್ಚಿ ೧೧ರಂದು ಮುಂಬಯಿಯಲ್ಲಿ ಶಾರದಾ ಸದನವು ಬೆರಳೆಣಿಕೆಯ ವಿದ್ಯಾರ್ಥಿನಿಯರೊಡನೆ ಆರಂಭವಾಯಿತು. ವಿದ್ಯಾಧಿದೇವತೆಯ ಹೆಸರನ್ನೇ ಅದಕ್ಕಿಟ್ಟರು. ರಾನಡೆ, ಭಾಂಡಾರಕರ್, ತೇಲಂಗ್ ಮುಂತಾದವರು ಸಲಹಾಮಂಡಲಿಯಲ್ಲಿದ್ದರು. ಹಿಂದೂ ವಿದ್ಯಾರ್ಥಿನಿಯರು ತಮ್ಮ ಜಾತಿಯ ಆಚಾರ, ಅಡಿಗೆ, ಮಡಿಗಳನ್ನು ಪಾಲಿಸಿಕೊಳ್ಳಲು ಅವಕಾಶವಿತ್ತು. ಅದೇ ೧೮೮೯ರಲ್ಲಿ ಮುಂಬಯಿಯಲ್ಲಿ ಕೂಡಿದ ಕಾಂಗ್ರೆಸ್ ಅಧಿವೇಶನಕ್ಕೆ ಸ್ತ್ರೀಯರು ಮೊದಲ ಬಾರಿಗೆ ಪ್ರತಿನಿಧಿಗಳಾಗಿ ಬಂದಾಗ ರಮಾಬಾಯಿಯವರು ಅವರಲ್ಲಿ ಒಬ್ಬರು. ೧೮೯೦ರಲ್ಲಿ ಸದನವನ್ನು ಪುಣೆಗೆ ಸಾಗಿಸಲಾಯಿತು.

೭. ೧೮೯೩ರ ವಿವಾದ

ಪುಣೆಯಲ್ಲಿ ಸದನವು ಬೆಳೆದಂತೆ ಸಂಶಯವೂ ಬೆಳೆಯಿತು. ಸ್ಥಾಪಕಿಯು ತನ್ನ ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ಪ್ರಾರ್ಥಿಸುವಾಗ ವಿದ್ಯಾರ್ಥಿನಿಯರು ಬಂದು ಕುಳಿತುಕೊಳ್ಳುತ್ತಿದ್ದರು. ಇದು ಮತಬೋಧನೆಯೇ ಎಂದು 'ಕೇಸರಿ'ಯು ಖಂಡಿಸಿತು. ೧೮೯೩ರ ಆಗಸ್ಟಿನಲ್ಲಿ ರಾನಡೆಯವರೂ ಭಾಂಡಾರಕರರೂ ಸಲಹಾಮಂಡಲಿಯಿಂದ ಬಿಡುಗಡೆ ಹೊಂದಿದರು. ಅನೇಕ ಪೋಷಕರು ತಮ್ಮ ಮಕ್ಕಳನ್ನು ಹಿಂದಕ್ಕೆ ಕರೆದುಕೊಂಡರು.

ಉಭಯಪಕ್ಷಗಳಿಗೂ ಹೇಳಿಕೊಳ್ಳುವುದಕ್ಕೆ ನ್ಯಾಯವಿತ್ತು. ಮತಬೋಧನೆಯಿಲ್ಲವೆಂಬ ನಂಬಿಕೆಯ ಮೇಲೆ ಮಕ್ಕಳನ್ನು ಕಳುಹಿಸಿದವರಿಗೆ ಆ ನಂಬಿಕೆಯು ಶಿಥಿಲವಾಯಿತೆಂದು ತೋರಿದಾಗ ಅವರು ಸಿಟ್ಟಾದುದು ಸಹಜ. ವಾತ್ಸಲ್ಯದಿಂದ ಕಾಪಾಡಿದ ಗುರುವಿನ ಆಚರಣೆಯು ಪಾಠಕ್ಕಿಂತಲೂ ಬಲವಾದ ಬೋಧನೆಯೆಂಬುದನ್ನು ಗುರುಕುಲಪದ್ಧತಿಯನ್ನು ಬಲ್ಲವರಾರೂ ಅಲ್ಲಗಳೆಯರು. ಇತ್ತ, ಪಾಠಶಾಲೆಯ ನಿಯಮವು ಅಧ್ಯಾಪಿಕೆಯ ಸ್ವಂತ ಉಪಾಸನೆಯನ್ನು ಮುಚ್ಚಿಡಬೇಕೆಂದು ಹೇಳಿರಲಿಲ್ಲ. ಯಾರನ್ನೂ ಬಲಾತ್ಕರಿಸಲಿಲ್ಲವೆಂಬುದು ರಮಾಬಾಯಿಯವರ ಸಮಾಧಾನ.

ಆದರೆ ಈ ವಾದಪ್ರತಿವಾದಗಳಲ್ಲಿ ಒಂದು ಪಕ್ಷವು ಕಾಣಿಸಿಕೊಳ್ಳುವುದೇ ಇಲ್ಲ. ಪೋಷಕರ ಹಕ್ಕೆಂದು ಒಬ್ಬರು ಹೇಳಿದರು; ಸ್ಥಾಪಕಿಯ ಅಂತಃಕರಣವೆಂದು ಇನ್ನೊಬ್ಬರು ಹೇಳಿದರು. ಹದಿನೈದಿಪ್ಪತ್ತು ವಯಸ್ಸಿನ ಆ ವಿಧವೆಯರಿಗೆ ಅಲ್ಲಿ ಉಳಿಯಲು ಇಷ್ಟವಿತ್ತೇ, ಮನೆಗೆ ಹಿಂದಿರುಗಿ ಅವರು ಏನನ್ನು ಎದುರಿಸಬೇಕಾಗಿತ್ತು ಎಂಬ ಪ್ರಶ್ನೆಯು ಬದಿಗೆ ಬಿದ್ದಿತು. ಉಡುಪಿಯಲ್ಲಿ ಲಕ್ಷ್ಮೀಬಾಯಿಯನ್ನು ಯಾರೂ ಕೇಳದಿದ್ದಂತೆಯೇ ಪುಣೆಯಲ್ಲಿ ವಿದ್ಯಾರ್ಥಿನಿಯನ್ನೂ ಕೇಳಲಿಲ್ಲ. ಸ್ತ್ರೀಯ ಅಧಿಕಾರಕ್ಕಾಗಿ ಹುಟ್ಟಿದ ಸಂಸ್ಥೆಯ ವಿವಾದದಲ್ಲಿಯೂ ಅಧಿಕಾರಿಣಿಯು ಮೂಕಳಾಗಿಯೇ ಉಳಿದಳು. ಈ ಚರಿತ್ರೆಯಲ್ಲಿ ಶೋಚನೀಯವಾದ ಅಂಶವೆಂದರೆ ಇದೇ.

೮. ಫಲಪರಂಪರೆ

ಬಿರುಕು ಬಿಟ್ಟರೂ ಬೀಜವು ನಾಶವಾಗಲಿಲ್ಲ. ಶಾರದಾ ಸದನದ ಮೊದಲ ವಿಧವಾ ವಿದ್ಯಾರ್ಥಿನಿಯಾಗಿದ್ದ ಗೋದೂಬಾಯಿಯವರನ್ನು ೧೮೯೩ರ ಮಾರ್ಚಿಯಲ್ಲಿ ಧೋಂಡೋ ಕೇಶವ ಕರ್ವೆಯವರು ವಿವಾಹವಾದರು. ಆನಂದೀಬಾಯಿಯೆಂಬ ಹೊಸ ಹೆಸರನ್ನು ಪಡೆದ ಆಕೆ ಮುಂದೆ ತಮ್ಮ ಜೀವನವೃತ್ತಾಂತವನ್ನು ಮರಾಠಿಯಲ್ಲಿ ಬರೆದರು. ಮೂಕಳಾಗಿ ಉಳಿದವಳೆಂದು ಮೇಲೆ ಹೇಳಿದ ವಿದ್ಯಾರ್ಥಿನೀವರ್ಗದಿಂದ ಒಂದು ಧ್ವನಿಯಾದರೂ ಹೀಗೆ ಉಳಿದುಬಂದಿದೆ. ಕರ್ವೆಯವರು ೧೮೯೬ರಲ್ಲಿ ಪುಣೆಯಲ್ಲಿ ಹಿಂದೂ ವಿಧವೆಯರಿಗಾಗಿ ಅನಾಥ ಬಾಲಿಕಾಶ್ರಮವನ್ನು ಸ್ಥಾಪಿಸಿದರು. ಅದು ಹಿಂಗಣೆಗೆ ಸಾಗಿ ಬೆಳೆಯಿತು. ೧೯೧೬ರಲ್ಲಿ ಅವರಿಂದಲೇ ಮಹಿಳಾ ವಿಶ್ವವಿದ್ಯಾಲಯವೂ ಹುಟ್ಟಿತು. ಸದನದ ಕಾರ್ಯವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಮುಂದುವರಿಸಬೇಕೆಂಬ ಎಚ್ಚರವು ಅವರ ಪದ್ಧತಿಯಲ್ಲೆಲ್ಲ ಕಾಣುತ್ತದೆ. ೧೯೫೮ರಲ್ಲಿ, ತಮ್ಮ ನೂರನೆಯ ವರ್ಷದಲ್ಲಿ, ಅವರು ಭಾರತರತ್ನ ಪ್ರಶಸ್ತಿಯನ್ನು ಪಡೆದರು.

ಆರ್ಯ ಮಹಿಳಾ ಸಮಾಜದಲ್ಲಿ ಸ್ಥಾಪಕಿಯ ಉಪನ್ಯಾಸಗಳನ್ನು ಕೇಳಿ ಬೆಳೆದ ರಮಾಬಾಯಿ ರಾನಡೆಯವರು ೧೯೦೯ರಲ್ಲಿ ಪುಣೆಯ ಸೇವಾ ಸದನವನ್ನು ಕಟ್ಟಿ, ದಾದಿಯರನ್ನೂ ಉಪಾಧ್ಯಾಯಿನಿಯರನ್ನೂ ಸಿದ್ಧಪಡಿಸಿದರು. ಮುಂದೆ ಮುಂಬಯಿ ಪ್ರಾಂತದ ಸ್ತ್ರೀಯರ ಮತದಾನಕ್ಕಾಗಿಯೂ ದುಡಿದರು. ಹಂಟರ್ ಆಯೋಗದ ಮುಂದೆ ಒಬ್ಬಳು ಕೇಳಿದುದನ್ನು ಇನ್ನೊಬ್ಬಳು ನಡೆಸಿ ತೋರಿಸಿದಳು. ಇಬ್ಬರ ಮತ ಬೇರೆ, ಮಾರ್ಗ ಬೇರೆ, ಕಾರ್ಯ ಒಂದು.

ಪಂಡಿತಾ ರಮಾಬಾಯಿಯವರು ಪುಣೆಯ ಸಮೀಪದ ಕೇಡಗಾಂವಿನಲ್ಲಿ ಮುಕ್ತಿ ಎಂಬ ಆಶ್ರಮವನ್ನು ಬೆಳೆಸಿದರು. ೧೮೯೬-೯೭ರ ಮಧ್ಯಪ್ರಾಂತದ ಕ್ಷಾಮದಿಂದಲೂ ೧೯೦೦ರ ಗುಜರಾತದ ಕ್ಷಾಮದಿಂದಲೂ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪೋಷಿಸಿದರು. ಅಲ್ಲಿ ನೆಯ್ಗೆ, ಬೇಸಾಯ, ಹಾಲಿನ ಕೆಲಸಗಳೂ ಮುದ್ರಣಾಲಯವೂ ಇದ್ದುವು. ಅಚ್ಚುಮೊಳೆಗಳನ್ನು ಸ್ತ್ರೀಯರೇ ಜೋಡಿಸುತ್ತಿದ್ದರು. ೧೮೯೮ರಲ್ಲಿ ಬಾಸ್ಟನ್ ಸಂಸ್ಥೆಯ ಹತ್ತು ವರ್ಷಗಳ ವಾಗ್ದಾನವು ಮುಗಿದುದರೊಡನೆ ಮತನಿರಪೇಕ್ಷತೆಯ ನಿಯಮವೂ ಕೊನೆಗೊಂಡಿತು. ಮುಕ್ತಿಯು ಪ್ರಕಟವಾಗಿಯೇ ಕ್ರೈಸ್ತಸಂಸ್ಥೆಯಾಯಿತು. ಮುಂದೆ ಅವರ ಯತ್ನದಿಂದ, ಆಗ ನಿಜಾಮರ ಸೀಮೆಗೆ ಸೇರಿದ್ದ ಗುಲಬರ್ಗೆಯಲ್ಲಿಯೂ ಒಂದು ಪ್ರೌಢಶಾಲೆಯಾಯಿತು. ಕರ್ಣಾಟಕದ ಘಟ್ಟದಲ್ಲಿ ಹೊರಟ ವಿದ್ಯಾಪ್ರವಾಹದ ಒಂದು ಕವಲು ಹೀಗೆ ಕನ್ನಡ ನೆಲಕ್ಕೆ ತಿರುಗಿ ಬಂದಿತು. ೧೯೨೨ರ ಏಪ್ರಿಲ್ ೫ರಂದು ರಮಾಬಾಯಿಯವರು ದಿವಂಗತರಾದರು.

೯. ಉಪಸಂಹಾರ

ಮೇಲಣ ವಿಚಾರದಿಂದ ನಿಷ್ಪನ್ನವಾಗುವುದನ್ನು ಸಂಗ್ರಹಿಸಬಹುದು. ಶಾಸ್ತ್ರವು ಸ್ತ್ರೀಗೆ ಅಧಿಕಾರವನ್ನು ತತ್ತ್ವತಃ ಒಪ್ಪಿ, ಪತಿಯೊಡನೆ ಕಟ್ಟಿ, ವಿದ್ಯೆಯ ಅಭಾವದಿಂದ ಕುಗ್ಗಿಸಿತು. ಅನಂತಶಾಸ್ತ್ರಿಗಳು ಉಡುಪಿಯಲ್ಲಿ ವಿದ್ಯೆಯ ಪ್ರತಿಬಂಧವನ್ನು ಸಡಿಲಿಸಿದರು. ಅವರ ಪುತ್ರಿಯು ಪತಿಯ ಕಟ್ಟನ್ನು ಬಿಚ್ಚಿ, ವಿಧವೆಗೂ ಅಧಿಕಾರವುಂಟೆಂದು ಸಂಸ್ಥೆಯ ರೂಪದಿಂದ ಸಾಧಿಸಹೊರಟಳು. ಮೊದಲನೆಯ ಕಾರ್ಯವಿಲ್ಲದೆ ಎರಡನೆಯದು ಆಗುತ್ತಿರಲಿಲ್ಲ.

ಕಾಯಿದೆಯಲ್ಲಿಯ ಪುಂಲಿಂಗಪದಗಳು ಸ್ತ್ರೀಯನ್ನೂ ಒಳಗೊಳ್ಳತಕ್ಕವೆಂದು ೧೮೯೭ರ ಸಾಮಾನ್ಯ ಪರಿಭಾಷಾ ಶಾಸನವು ವಿಧಿಸಿತು. ಲಿಂಗಭೇದದ ಕಾರಣದಿಂದ ರಾಜ್ಯವು ಯಾರಲ್ಲಿಯೂ ತಾರತಮ್ಯ ಮಾಡತಕ್ಕದ್ದಲ್ಲವೆಂದು ೧೯೫೦ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನದ ಹದಿನೈದನೆಯ ಅನುಚ್ಛೇದವು ಸಾರಿತು. ವಿಧಿವಾಕ್ಯದಲ್ಲಿ ಲಿಂಗವು ವಿವಕ್ಷಿತವಲ್ಲವೆಂದ ಬಾದರಾಯಣನ ಪಕ್ಷವನ್ನು ಬಲ್ಲ ವಿದ್ವಾಂಸರಿಗೆ ಈ ನಿಯಮಗಳು ಸರ್ವಥಾ ಅಪರಿಚಿತವೆಂದು ತೋರಲಾರವು. ಆದರೆ ಸೂತ್ರದಲ್ಲಿ ಸಿದ್ಧವಾದುದು ಸಂಸಾರದಲ್ಲಿ ಸಿದ್ಧವಾಗಬೇಕಾದರೆ ಕಾಡಿನಲ್ಲಿ ಮಗಳಿಗೆ ಪಾಠ ಹೇಳುವ ಒಬ್ಬ ತಾಯಿಯೂ, ಬಾಗಿಲು ತೆರೆದ ಒಂದು ಸದನವೂ ಬೇಕಾಯಿತು. ಇಂತಹ ಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಸ್ಥಾಪಕರ ಮತವನ್ನೂ ಎದುರಾಳಿಗಳ ಕೋಪವನ್ನೂ ತೂಗಿನೋಡುವುದರೊಡನೆ, ಅಲ್ಲಿ ಕಲಿತವಳು ಏನಾದಳು, ಏನು ಹೇಳಿದಳು ಎಂಬುದನ್ನು ಮೊದಲು ವಿಚಾರಿಸತಕ್ಕದ್ದು. ಫಲಕ್ಕೆ ಒಡೆಯರಾರೋ ಅವರೇ ಅಧಿಕಾರಿಗಳೆಂಬುದು ಶಾಸ್ತ್ರಮರ್ಯಾದೆ.